ಕತ್ತರಿಯ ಗೆರೆ ಯಾರ ಕೈಯಲ್ಲಿದೆ?

ಅಮೆರಿಕದಲ್ಲಿ ಬಟ್ಟೆ ಮತ್ತು ಹೊಲಿಗೆ ಸಾಮಗ್ರಿಗಳಿಗೆ ಮನೆಮಾತಾಗಿದ್ದ ಜೋಆ್ಯನ್ ಮಳಿಗೆಗಳು 2025ರ ಮೇ ತಿಂಗಳ ಕೊನೆಯ ಹೊತ್ತಿಗೆ ಒಂದೂ ಉಳಿಯದಂತೆ ಬಾಗಿಲು ಹಾಕಿದವು. 1943ರಲ್ಲಿ ಓಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ಆರಂಭವಾದ ಆ ಸಂಸ್ಥೆಗೆ ದೇಶದುದ್ದಕ್ಕೂ ಸುಮಾರು 800 ಅಂಗಡಿಗಳಿದ್ದವು. ಸಿಂಪ್ಲಿಸಿಟಿ, ಮೆಕಾಲ್ಸ್, ಬಟರಿಕ್, ವೋಗ್ ಎಂಬ ನಾಲ್ಕು ಹಳೆಯ ಹೆಸರುಗಳಲ್ಲಿ ಕಾಗದದ ಪ್ಯಾಟರ್ನುಗಳನ್ನು ಮಾರುತ್ತಿದ್ದ ಕಂಪನಿಯೂ ಅದೇ ವರ್ಷ ಕೈಬದಲಾಗಿ, ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತು. ವಾಣಿಜ್ಯ ಪುಟಗಳು ಇದನ್ನು ಚಿಲ್ಲರೆ ವ್ಯಾಪಾರದ ಮತ್ತೊಂದು ಪತನವೆಂದು ವರದಿ ಮಾಡಿ ಮುಂದೆ ಸಾಗಿದವು. ಕೇಳಬೇಕಾದ ಪ್ರಶ್ನೆ ಬೇರೆಯದೇ ಇದೆ. ಆ ಅಂಗಡಿಗಳ ಉಕ್ಕಿನ ಡ್ರಾಯರುಗಳಲ್ಲಿ ಲಕೋಟೆ ಲಕೋಟೆಯಾಗಿ ಕೂತಿದ್ದ ಒಂದು ವಿದ್ಯೆ, ಅಂದರೆ ಬಟ್ಟೆಯನ್ನು ಎಲ್ಲಿ ಕತ್ತರಿಸಬೇಕೆಂಬ ವಿದ್ಯೆ, ಇನ್ನು ಮುಂದೆ ಯಾವ ರೂಪದಲ್ಲಿ, ಯಾರ ವಶದಲ್ಲಿ ಉಳಿಯುತ್ತದೆ?

ರೂಪದ ಮಟ್ಟಿಗೆ ಉತ್ತರ ಸ್ಪಷ್ಟವಿದೆ. ಪ್ಯಾಟರ್ನ್ ಈಗ ಪಿಡಿಎಫ್ ಫೈಲಾಗಿದೆ. ಕೊಂಡವರು ಅದನ್ನು ಮನೆಯ ಪ್ರಿಂಟರಿನಲ್ಲಿ ಹಾಳೆ ಹಾಳೆಯಾಗಿ ಮುದ್ರಿಸಿ ಅಂಟಿಸುತ್ತಾರೆ, ಇಲ್ಲವೇ ದೊಡ್ಡ ಪ್ಲಾಟರ್ ಇರುವ ಅಂಗಡಿಗೆ ಒಯ್ದು ಒಂದೇ ಹಾಳೆಯಲ್ಲಿ ಮುದ್ರಿಸಿಕೊಳ್ಳುತ್ತಾರೆ, ಇಲ್ಲವೇ ಕಾಗದವನ್ನೇ ಬಿಟ್ಟು ಪ್ರೊಜೆಕ್ಟರಿನಿಂದ ನೇರವಾಗಿ ಬಟ್ಟೆಯ ಮೇಲೆ ಗೆರೆಗಳನ್ನು ಚೆಲ್ಲಿ ಕತ್ತರಿಸುತ್ತಾರೆ. ವಶದ ಪ್ರಶ್ನೆ ಇಷ್ಟು ಸರಳವಲ್ಲ. ಈ ಫೈಲನ್ನು ಹೇಗೆ ಸಿದ್ಧಪಡಿಸಲಾಗುತ್ತದೆ ಎಂಬ, ಮೇಲ್ನೋಟಕ್ಕೆ ತೀರಾ ತಾಂತ್ರಿಕವಾಗಿ ಕಾಣುವ ಸಂಗತಿಯೇ ಆ ವಿದ್ಯೆ ಯಾರಿಗೆ ದಕ್ಕಬೇಕು, ಯಾರಿಗೆ ದಕ್ಕಬಾರದು ಎಂಬುದನ್ನು ತೀರ್ಮಾನಿಸುತ್ತಿದೆ. ಊರಿಂದ ಹೊಲಿಸಿ ತಂದ ರವಿಕೆಗಳನ್ನು ಸೂಟ್‌ಕೇಸಿನಲ್ಲಿ ಹೊತ್ತು ಸಾಗರ ದಾಟುವ ಮತ್ತು ಬೆಂಗಳೂರಿನ ಕಾರ್ಖಾನೆಗಳಲ್ಲಿ ಹೊಲಿದ ಅಂಗಿಗಳನ್ನು ವಿದೇಶದ ಮಾಲ್‌ಗಳಲ್ಲಿ ಕೊಳ್ಳುವ ಅನಿವಾಸಿ ಕನ್ನಡಿಗರಿಗೆ ಈ ತೀರ್ಮಾನ ಹೊರಗಿನದಲ್ಲ.

ಗುಟ್ಟಿನಿಂದ ಲಕೋಟೆಗೆ

ದುಂಡಗಿನ ದೇಹಕ್ಕೆ ಚಪ್ಪಟೆಯಾದ ಬಟ್ಟೆಯನ್ನು ಹೊಂದಿಸುವುದು ಹೊಲಿಗೆಗಿಂತ ಬೇರೆಯೇ ಆದ ಕೌಶಲ. ಕಂಕುಳಿನ ತಿರುವು, ಎದೆಯ ಡಾರ್ಟು, ಕೊರಳಿನ ಆಳ ಇವೆಲ್ಲ ಕತ್ತರಿ ಬೀಳುವ ಮೊದಲೇ ತೀರ್ಮಾನವಾಗಬೇಕು. ಸೂಜಿ ತಪ್ಪಿದರೆ ಬಿಚ್ಚಿ ಹೊಲಿಯಬಹುದು, ಕತ್ತರಿ ತಪ್ಪಿದರೆ ಬಟ್ಟೆ ಹೋಯಿತು. ಹಾಗಾಗಿಯೇ ಜಗತ್ತಿನ ಎಲ್ಲೆಡೆ ಕತ್ತರಿಸುವವನ ಸ್ಥಾನ ಹೊಲಿಯುವವರಿಗಿಂತ ಮೇಲಿತ್ತು. ಯುರೋಪಿನಲ್ಲಿ ಈ ವಿದ್ಯೆಯನ್ನು ಕಸುಬುದಾರರ ಗಿಲ್ಡುಗಳು ಕಾಯ್ದುಕೊಂಡವು. ಕರ್ನಾಟಕದಲ್ಲಿ ಅದು ನಾಮದೇವ ಸಿಂಪಿ, ಭಾವಸಾರ ಕ್ಷತ್ರಿಯರಂಥ ಸಮುದಾಯಗಳ ಮನೆತನದೊಳಗೆ ತಂದೆಯಿಂದ ಮಗನಿಗೆ ಹರಿದು ಬಂತು. ಹೊಲಿಗೆ ಅಂಗಡಿಗಳಲ್ಲಿ ಇಂದಿಗೂ ‘ಕಟಿಂಗ್ ಮಾಸ್ಟರ್’ ಎಂಬ ಹೆಸರಿಗೆ ಇರುವ ಗೌರವ ಆ ಇತಿಹಾಸದ ಪಳೆಯುಳಿಕೆ.

ಈ ಗುಟ್ಟನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಒಡೆದದ್ದು ಕಾಗದ. ಮ್ಯಾಸಚೂಸೆಟ್ಸ್‌ನ ಸ್ಟರ್ಲಿಂಗ್ ಎಂಬ ಊರಿನ ದರ್ಜಿ ಎಬನೀಜರ್ ಬಟರಿಕ್ 1863ರಲ್ಲಿ ಬೇರೆ ಬೇರೆ ಅಳತೆಗಳಿಗೆ ಹಿಗ್ಗಿಸಿ ಕುಗ್ಗಿಸಿದ ಕಾಗದದ ಪ್ಯಾಟರ್ನುಗಳನ್ನು ಮಾರಾಟಕ್ಕಿಟ್ಟ. ಹೊಲಿಗೆ ಯಂತ್ರ ಮನೆಗಳನ್ನು ಪ್ರವೇಶಿಸುತ್ತಿದ್ದ ಕಾಲವದು. ಅದೇ ಯಂತ್ರವನ್ನು ಕಾರ್ಖಾನೆಯ ಕಡೆಯಿಂದ ನೋಡಿದ ಕಾರ್ಲ್ ಮಾರ್ಕ್ಸ್, ಉಡುಪು ಉದ್ಯಮದ ಚಹರೆಯನ್ನೇ ಬದಲಿಸಿದ ಕ್ರಾಂತಿಕಾರಕ ಯಂತ್ರವೆಂದು ‘ಬಂಡವಾಳ’ದ ಮೊದಲ ಸಂಪುಟದಲ್ಲಿ ಅದನ್ನು ಗುರುತಿಸಿದ. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ಆಫೆನ್‌ಬುರ್ಗ್‌ನಿಂದ ಎನ್ನೆ ಬುರ್ಡಾ 1950ರ ಜನವರಿಯಲ್ಲಿ ಹೊರತಂದ ‘ಬುರ್ಡಾ ಮೋಡನ್’ ಪತ್ರಿಕೆ ಇನ್ನೊಂದು ದಾರಿ ತೆರೆಯಿತು. ಒಂದೇ ಹಾಳೆಯ ಮೇಲೆ ಹತ್ತಾರು ಉಡುಪುಗಳ ಗೆರೆಗಳನ್ನು ಒಂದರ ಮೇಲೊಂದು ಮುದ್ರಿಸಿ, ಬೇಕಾದುದನ್ನು ಓದುಗರೇ ಬೇರೆ ಕಾಗದಕ್ಕೆ ಇಳಿಸಿಕೊಳ್ಳುವಂತೆ ಅದು ಬಿಟ್ಟುಕೊಟ್ಟಿತು. ಯುದ್ಧದಲ್ಲಿ ನುಚ್ಚುನೂರಾದ ದೇಶದ ಹೆಂಗಸರು ಪತ್ರಿಕೆಯೊಂದರ ಬೆಲೆಗೆ ಹತ್ತಾರು ಉಡುಪುಗಳ ನಕ್ಷೆಯನ್ನು ಪಡೆದರು. 1987ರಲ್ಲಿ ಆ ಪತ್ರಿಕೆ ರಷ್ಯನ್ ಭಾಷೆಯಲ್ಲಿ ಸೋವಿಯತ್ ಒಕ್ಕೂಟವನ್ನೂ ಪ್ರವೇಶಿಸಿತು.

ಹೀಗೆ ಕಾಗದದ ಪ್ಯಾಟರ್ನ್ ಕಸುಬಿನ ಬೇಲಿಯನ್ನು ಮುರಿಯಿತು. ಅದರ ಸೋದರನಾದ ಡಿಜಿಟಲ್ ಪ್ಯಾಟರ್ನ್ ಹುಟ್ಟಿದ್ದು ಇದಕ್ಕೆ ವಿರುದ್ಧವಾದ ಉದ್ದೇಶಕ್ಕಾಗಿ.

ಕಾರ್ಖಾನೆಯಲ್ಲಿ ಹುಟ್ಟಿದ ಗೆರೆ

ಕಂಪ್ಯೂಟರ್ ನಿಯಂತ್ರಿತ ಬಟ್ಟೆ ಕತ್ತರಿಸುವ ಯಂತ್ರವನ್ನು ಅಮೆರಿಕದ ಗರ್ಬರ್ ಕಂಪನಿ 1960ರ ದಶಕದ ಕೊನೆಗೆ ರೂಪಿಸಿತು. ಫ್ರಾನ್ಸಿನ ಲೆಕ್ಟ್ರಾ 1973ರಲ್ಲಿ ಸ್ಥಾಪನೆಯಾಯಿತು. ಅಲ್ಲಿಂದ ಮುಂದೆ ದೊಡ್ಡ ಉಡುಪು ಕಾರ್ಖಾನೆಗಳಲ್ಲಿ ಪ್ಯಾಟರ್ನ್ ಎಂಬುದು ಕಾಗದದಿಂದ ಪರದೆಗೆ ಸರಿಯಿತು. ಎಷ್ಟು ಸೈಜು, ಒಂದು ಥಾನಿನಲ್ಲಿ ಯಾವ ತುಂಡನ್ನು ಎಲ್ಲಿ ಕೂರಿಸಿದರೆ ಬಟ್ಟೆ ಕಡಿಮೆ ಹಾಳಾಗುತ್ತದೆ ಎಂಬ ಲೆಕ್ಕವೆಲ್ಲ ಒಂದು ಹವಾನಿಯಂತ್ರಿತ ಕೋಣೆಯ ಕೆಲವೇ ಜನರ ಕೆಲಸವಾಯಿತು. ಕಾರ್ಮಿಕನ ಕೈಯಲ್ಲಿದ್ದ ಯೋಜನೆಯನ್ನು ಅವನಿಂದ ಬಿಡಿಸಿ ಆಡಳಿತದ ಮೇಜಿಗೆ ಒಯ್ಯುವುದೇ ಆಧುನಿಕ ಬಂಡವಾಳಶಾಹಿಯ ಕಾರ್ಯತಂತ್ರ ಎಂದು ಹ್ಯಾರಿ ಬ್ರೇವರ್‌ಮನ್ 1974ರ ‘ಲೇಬರ್ ಆ್ಯಂಡ್ ಮೊನಾಪಲಿ ಕ್ಯಾಪಿಟಲ್’ ಕೃತಿಯಲ್ಲಿ ವಾದಿಸಿದ್ದನ್ನು ಈ ಕೋಣೆಗಿಂತ ಚೆನ್ನಾಗಿ ತೋರಿಸುವ ನಿದರ್ಶನ ವಿರಳ.

ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಗಳ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಲಕ್ಷಾಂತರ ಜನರಲ್ಲಿ ಬಹುಪಾಲು ಹೆಂಗಸರು. ಅವರು ಕೂರುವ ಸಾಲಿನಲ್ಲಿ ಒಬ್ಬರಿಗೆ ಕಾಲರು, ಇನ್ನೊಬ್ಬರಿಗೆ ತೋಳು, ಮತ್ತೊಬ್ಬರಿಗೆ ಜೇಬು. ಗಂಟೆಗಿಷ್ಟು ತುಂಡು ಎಂಬ ಗುರಿಯ ಕೆಳಗೆ ಹದಿನೈದು ವರ್ಷ ಕಾಲರನ್ನೇ ಹೊಲಿದವರಿಗೆ ಒಂದು ಇಡೀ ಅಂಗಿಯನ್ನು ಕತ್ತರಿಸುವ ಅವಕಾಶ ಒಮ್ಮೆಯೂ ಒದಗದೆ ಹೋಗಬಹುದು. ಭವಿಷ್ಯನಿಧಿಯ ನಿಯಮ ಬದಲಾವಣೆಯ ವಿರುದ್ಧ 2016ರ ಏಪ್ರಿಲ್‌ನಲ್ಲಿ ಇದೇ ಹೆಂಗಸರು ಬೀದಿಗಿಳಿದು ಕೇಂದ್ರ ಸರ್ಕಾರವನ್ನೇ ಹಿಂದೆ ಸರಿಸಿದರು. ಅವರ ಸಂಘಟಿತ ಬಲದ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ. ಆದರೆ ಕಾರ್ಖಾನೆ ಬಾಗಿಲು ಹಾಕಿದ ದಿನ ಅವರ ಜೊತೆ ಮನೆಗೆ ಬರುವುದು ಕಾಲರು ಹೊಲಿಯುವ ವೇಗ ಮಾತ್ರ. ಗೆರೆ ಕೋಣೆಯೊಳಗೇ ಉಳಿಯುತ್ತದೆ. ಹೊಲಿಗೆ ಯಂತ್ರ ವಿತರಣೆಯ ಸರ್ಕಾರಿ ಯೋಜನೆಗಳು ದಶಕಗಳಿಂದ ನಡೆಯುತ್ತಿದ್ದರೂ ಯಂತ್ರದ ಜೊತೆಗೆ ಒಳ್ಳೆಯ ಪ್ಯಾಟರ್ನುಗಳ ಒಂದು ಕಟ್ಟನ್ನು ಕೊಡಬೇಕೆಂಬ ಯೋಚನೆ ಅವುಗಳಲ್ಲಿ ಕಾಣದಿರುವುದು ಇದೇ ಕುರುಡಿನ ಮುಂದುವರಿಕೆ.

ನೂರಕ್ಕೆ ನೂರು ಎಂಬ ನಿಯಮ

ಕೋಣೆಯ ಆ ಗೆರೆ ಮನೆಗೆ ಬಂದದ್ದು ಪಿಡಿಎಫ್ ಮೂಲಕ. ಅಡೋಬ್ ಕಂಪನಿ 1993ರಲ್ಲಿ ಹೊರತಂದ ಈ ಸ್ವರೂಪ 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಒಂಟಿಯಾಗಿ ಅಥವಾ ಇಬ್ಬರು ಮೂವರು ಸೇರಿ ವಿನ್ಯಾಸ ಮಾಡುವ, ಬಹುತೇಕ ಹೆಂಗಸರೇ ಆದ, ನೂರಾರು ಸಣ್ಣ ರಚನಾಕಾರರು ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಪ್ಯಾಟರ್ನುಗಳನ್ನು ನೇರವಾಗಿ ಮಾರುವುದು ಇದರಿಂದ ಸಾಧ್ಯವಾಯಿತು. ಆದರೆ ಕಾಗದದ ಲಕೋಟೆಗೆ ಇದ್ದ ಒಂದು ಭರವಸೆ ಫೈಲಿಗಿಲ್ಲ. ಲಕೋಟೆಯಲ್ಲಿ ಬಂದ ಗೆರೆ ಸರಿಯಾದ ಅಳತೆಯಲ್ಲೇ ಇರುತ್ತಿತ್ತು. ಫೈಲಿನ ಗೆರೆ ಎಷ್ಟು ದೊಡ್ಡದೆಂಬುದನ್ನು ತೀರ್ಮಾನಿಸುವುದು ಬಳಕೆದಾರರ ಪ್ರಿಂಟರ್.

ಒಂದು ಲೆಕ್ಕ ಇದನ್ನು ತಿಳಿಯಾಗಿಸುತ್ತದೆ. ಜಗತ್ತಿನ ಬಹುಭಾಗ ಬಳಸುವ ಎ4 ಹಾಳೆಯ ಅಳತೆ 210 x 297 ಮಿ.ಮೀ. ಅಮೆರಿಕ ಮತ್ತು ಕೆನಡಾಗಳ ಲೆಟರ್ ಹಾಳೆ 216 x 279 ಮಿ.ಮೀ. ಎ4ಗೆ ಸಿದ್ಧಪಡಿಸಿದ ಪ್ಯಾಟರ್ನನ್ನು ಟೊರಾಂಟೊದ ಮನೆಯೊಂದರಲ್ಲಿ ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆಯೊಂದಿಗೆ ಮುದ್ರಿಸಿದರೆ ಅದು ಶೇ 94ರಷ್ಟಕ್ಕೆ ಕುಗ್ಗುತ್ತದೆ. 92 ಸೆಂ.ಮೀ. ಎದೆಸುತ್ತಿನ ರವಿಕೆ 86.5 ಸೆಂ.ಮೀ.ಗೆ ಇಳಿಯುತ್ತದೆ. ಕಣ್ಣಿಗೆ ಇದು ಕಾಣುವುದಿಲ್ಲ. ಗೊತ್ತಾಗುವುದು ಬಟ್ಟೆ ಕತ್ತರಿಸಿ, ಹೊಲಿದು, ಗುಂಡಿ ಹಾಕಲು ಹೋದಾಗ. ಆದಕಾರಣ ಒಳ್ಳೆಯ ಪ್ಯಾಟರ್ನಿನ ಮೊದಲ ಹಾಳೆಯಲ್ಲಿ 10 ಸೆಂ.ಮೀ. ಅಥವಾ 4 ಇಂಚಿನ ಒಂದು ಪರೀಕ್ಷಾ ಚೌಕ ಇರುತ್ತದೆ. ಪ್ರಮಾಣವನ್ನು ಶೇ 100ಕ್ಕೆ, ಅಂದರೆ ‘ನಿಜ ಗಾತ್ರ’ಕ್ಕೆ ಇಟ್ಟು, ಆ ಒಂದು ಹಾಳೆಯನ್ನು ಮುದ್ರಿಸಿ, ಚೌಕದ ಎರಡೂ ಬದಿಗಳನ್ನು ಅಳೆದ ಮೇಲೆ ಉಳಿದ ಹಾಳೆಗಳಿಗೆ ಕೈಹಾಕಬೇಕು.

ಮನೆಯ ಪ್ರಿಂಟರಿನಲ್ಲಿ ಒಂದು ಉಡುಪಿಗೆ ಮೂವತ್ತು ನಲವತ್ತು ಹಾಳೆಗಳು ಬೇಕಾಗಬಹುದು. ಅವುಗಳ ಅಂಚು ಕತ್ತರಿಸಿ ಜೋಡಿಸುವಾಗ ಪ್ರತಿ ಸಂದಿಯಲ್ಲೂ ಅರ್ಧ ಮಿಲಿಮೀಟರ್ ಜಾರಿದರೆ ಉದ್ದಕ್ಕೆ ಹೋಗುತ್ತ ಆ ತಪ್ಪು ಸೇರಿಕೊಳ್ಳುತ್ತದೆ. ಎ0 ಹಾಳೆ 841 x 1189 ಮಿ.ಮೀ., ಅಂದರೆ ಹದಿನಾರು ಎ4 ಹಾಳೆಗಳ ವಿಸ್ತೀರ್ಣ. ಅಮೆರಿಕದ ಪ್ಲಾಟರುಗಳ 36 ಇಂಚಿನ ಸುರುಳಿಯ ಮೇಲೂ ಅದು ಕೂರುತ್ತದೆ. ಹೀಗೆ ದೊಡ್ಡ ಹಾಳೆಗೆ ಸಿದ್ಧಪಡಿಸುವವರು ಕೆಲವು ಸಂಗತಿಗಳನ್ನು ಪಾಲಿಸಬೇಕು. ಗೆರೆಗಳು ಚಿತ್ರವಾಗಿ ಕರಗಿರದೆ ಗಣಿತದ ರೇಖೆಗಳಾಗಿಯೇ ಉಳಿದಿರಬೇಕು. ಪುಟದ ಅಂಚಿನಿಂದ ಮುದ್ರಣ ಯಂತ್ರ ತಲುಪದಷ್ಟು ಜಾಗ ಬಿಟ್ಟಿರಬೇಕು. ಪುಟದ ಗಾತ್ರ ಫೈಲಿನೊಳಗೇ ನಿಖರವಾಗಿ ದಾಖಲಾಗಿರಬೇಕು. ಹಳೆಯ ಪಿಡಿಎಫ್ ತಂತ್ರಾಂಶಗಳು 200 ಇಂಚು, ಅಂದರೆ 5.08 ಮೀಟರಿಗಿಂತ ಉದ್ದದ ಪುಟವನ್ನು ಒಪ್ಪುವುದಿಲ್ಲವಾದ್ದರಿಂದ ತೀರಾ ಉದ್ದದ ನಕ್ಷೆಯನ್ನು ಎರಡು ಪುಟವಾಗಿ ಒಡೆಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಪದರಗಳು. 2003ರಿಂದ ಪಿಡಿಎಫ್ ಫೈಲಿನೊಳಗೆ ಪದರಗಳನ್ನು ಇಡಲು, ಬೇಡದವನ್ನು ಮರೆಮಾಡಲು ಸಾಧ್ಯವಿದೆ. ಹತ್ತು ಸೈಜುಗಳ ಗೆರೆಗಳು ಒಂದರ ಪಕ್ಕ ಒಂದು ಹೆಣೆದುಕೊಂಡ ಹಾಳೆಯಲ್ಲಿ ತನ್ನ ಗೆರೆಯನ್ನು ಹುಡುಕುವ ಕಷ್ಟವನ್ನು ಪ್ರತಿ ಸೈಜಿಗೂ ಒಂದು ಪದರ ಕೊಟ್ಟು ನೀಗಿಸಬಹುದು. ಇಷ್ಟಾದರೂ ನಕಲಿನ ಭಯದಿಂದ ಪದರಗಳನ್ನು ಬೆಸೆದು, ಫೈಲಿಗೆ ಬೀಗ ಜಡಿದು, ಒಂದು ಸಲ ಮಾತ್ರ ಮುದ್ರಿಸಲು ಬಿಡುವ ಮಾರಾಟಗಾರರೂ ಇದ್ದಾರೆ. ಬುರ್ಡಾ ಹಾಳೆಯಿಂದ ಗೆರೆ ಇಳಿಸಿಕೊಂಡ ಅಜ್ಜಿಗೆ ಇದ್ದ ಸ್ವಾತಂತ್ರ್ಯ ಮೊಮ್ಮಗಳ ಫೈಲಿಗೆ ಇಲ್ಲವೆಂದಾದರೆ ಅದನ್ನು ಪ್ರಗತಿ ಎನ್ನುವುದು ಕಷ್ಟ.

ಮೇಲಿಂದ ಬೀಳುವ ಬೆಳಕು

2020ರ ಕೊರೊನಾ ಕಾಲದಲ್ಲಿ ಮುದ್ರಣದ ಅಂಗಡಿಗಳು ಮುಚ್ಚಿದ್ದಾಗ ಪ್ರೊಜೆಕ್ಟರ್ ಬಳಸಿ ಕತ್ತರಿಸುವ ಪದ್ಧತಿ ಮನೆ ಹೊಲಿಗೆಯವರಲ್ಲಿ ವ್ಯಾಪಕವಾಗಿ ಹರಡಿತು. ಚಾವಣಿಗೆ ಅಥವಾ ಗೋಡೆಯ ತೋಳಿಗೆ ಪ್ರೊಜೆಕ್ಟರನ್ನು ಕೆಳಮುಖವಾಗಿ ಕಟ್ಟಿ, ಮೇಜಿನ ಮೇಲೆ ಹಾಸಿದ ಬಟ್ಟೆಯ ಮೇಲೆ ಗೆರೆ ಬೀಳಿಸುವುದು ಇದರ ಸಾರ. ಕಾಗದವಿಲ್ಲ, ಅಂಟಿಸುವ ಕೆಲಸವಿಲ್ಲ, ಸೈಜು ಬದಲಾದರೆ ಮರುಮುದ್ರಣವಿಲ್ಲ.

ಇದರ ಲೆಕ್ಕ ಯಾರಿಗಾದರೂ ಅರ್ಥವಾಗುವಂಥದ್ದು. ಪ್ರೊಜೆಕ್ಟರ್ ಇರುವ ಎತ್ತರವನ್ನು ಅದರ ‘ಥ್ರೋ’ ಅನುಪಾತದಿಂದ ಭಾಗಿಸಿದರೆ ಚಿತ್ರದ ಅಗಲ ಸಿಗುತ್ತದೆ. 1.2 ಅನುಪಾತದ ಪ್ರೊಜೆಕ್ಟರನ್ನು ಮೇಜಿನಿಂದ 1.8 ಮೀಟರ್ ಮೇಲೆ ಕಟ್ಟಿದರೆ 1.5 ಮೀಟರ್ ಅಗಲದ ಬೆಳಕು ಬೀಳುತ್ತದೆ. ಅಡ್ಡಕ್ಕೆ 1920 ಚುಕ್ಕಿಗಳಿರುವ ಯಂತ್ರದಲ್ಲಿ ಪ್ರತಿ ಚುಕ್ಕಿ 0.8 ಮಿ.ಮೀ.ಗಿಂತ ತುಸು ಕಡಿಮೆ, 1280 ಚುಕ್ಕಿಗಳ ಅಗ್ಗದ ಯಂತ್ರದಲ್ಲಿ ಸುಮಾರು 1.2 ಮಿ.ಮೀ. ರವಿಕೆ, ಕುರ್ತಾ, ಲಂಗಗಳಿಗೆ ಇದು ಸಾಕು. ಬೆಳಕು ಓರೆಯಾಗಿ ಬಿದ್ದರೆ ಚೌಕ ಹಿಗ್ಗಿ ಸಮಲಂಬವಾಗುತ್ತದೆ. ಕತ್ತರಿಸುವ ಚಾಪೆಯ ಗೀಟುಗಳ ಮೇಲೆ ಪರದೆಯ ನಾಲ್ಕು ಮೂಲೆಗಳನ್ನು ಎಳೆದು ಕೂರಿಸಿದರೆ ಅದನ್ನು ಗಣಿತದಿಂದಲೇ ನೆಟ್ಟಗಾಗಿಸುವ ‘ಪ್ಯಾಟರ್ನ್ ಪ್ರೊಜೆಕ್ಟರ್’ನಂಥ ಉಚಿತ, ಮುಕ್ತ ತಂತ್ರಾಂಶಗಳಿವೆ. ಮೇಲ್ಮೈಯ ಎತ್ತರವನ್ನು ಮಾತ್ರ ಮರೆಯುವಂತಿಲ್ಲ. ಅದೇ 1.8 ಮೀಟರಿನ ವ್ಯವಸ್ಥೆಯಲ್ಲಿ ಬಟ್ಟೆ 1 ಸೆಂ.ಮೀ. ಮೇಲೆದ್ದರೆ ಗೆರೆ ಶೇ ಅರ್ಧಕ್ಕಿಂತ ತುಸು ಹೆಚ್ಚು ಕುಗ್ಗುತ್ತದೆ, ಒಂದು ಮೀಟರಿಗೆ ಐದೂವರೆ ಮಿಲಿಮೀಟರ್. ಹಾಗಾಗಿ ಬಟ್ಟೆಯನ್ನು ಮಡಿಕೆಯಿಲ್ಲದೆ ಒಂಟಿಯಾಗಿ ಹಾಸುವುದು ಲೇಸು.

ಕಾಗದಕ್ಕಾಗಿ ಬರೆದ ಫೈಲು ಬೆಳಕಿಗೆ ಒಗ್ಗುವುದಿಲ್ಲ ಎಂಬುದು ಇಲ್ಲಿಯ ಪಾಠ. ಕಾಲು ಮಿಲಿಮೀಟರಿನ ನಾಜೂಕು ಗೆರೆ ಒಂದು ಚುಕ್ಕಿಗಿಂತ ಸಣ್ಣದಾಗಿ ಬಟ್ಟೆಯ ಮೇಲೆ ಮಾಯವಾಗುತ್ತದೆ. ಗೆರೆ ಒಂದೂವರೆ ಮಿಲಿಮೀಟರಿನಷ್ಟಾದರೂ ದಪ್ಪವಿರಬೇಕು, ಅದರ ಒಳಗೆ ಕತ್ತರಿಸಬೇಕೋ ಹೊರಗೋ ಎಂದು ಹೇಳಿರಬೇಕು. ಸೈಜುಗಳನ್ನು ತುಂಡುಗೆರೆ, ಚುಕ್ಕಿಗೆರೆಗಳಿಂದ ಬೇರ್ಪಡಿಸಿದರೆ ನೆಯ್ಗೆಯ ಮೇಲೆ ಅವು ಕಲಸಿಹೋಗುತ್ತವೆ. ಬಣ್ಣದಿಂದ ಬೇರ್ಪಡಿಸಿದರೆ ಕೆಂಪು ಬಟ್ಟೆ ಕೆಂಪು ಗೆರೆಯನ್ನು ನುಂಗುತ್ತದೆ. ಪದರಗಳೇ ಇದಕ್ಕೆ ಪರಿಹಾರ. ಮಡಿಕೆಯ ಮೇಲಿಟ್ಟು ಕತ್ತರಿಸುವ ಅರ್ಧ ತುಂಡನ್ನು ಕನ್ನಡಿಯಂತೆ ಬಿಂಬಿಸಿ ಪೂರ್ಣ ತುಂಡಾಗಿ ಕೊಡಬೇಕು. ಎಲ್ಲ ತುಂಡುಗಳ ಹಾಸಿನ ಎಳೆಯ ದಿಕ್ಕು ಪುಟದ ಅಂಚಿಗೆ ಸಮಾನಾಂತರವಾಗಿರಬೇಕು. ಹಾಳೆ ಜೋಡಿಸುವ ಚೌಕಟ್ಟು, ಪುಟಸಂಖ್ಯೆ, ಹಿನ್ನೆಲೆಯ ಬೂದು ಛಾಯೆಗಳನ್ನು ತೆಗೆದುಹಾಕಬೇಕು. ಇಂಕ್‌ಸ್ಕೇಪ್‌ನಂಥ ಮುಕ್ತ ತಂತ್ರಾಂಶದಲ್ಲಿ ಬಿಚ್ಚುಮನಸ್ಸಿನ ಫೈಲೊಂದನ್ನು ಹೀಗೆ ತಿದ್ದುವುದು ಒಂದು ಸಂಜೆಯ ಕೆಲಸ. ಬೀಗ ಜಡಿದ ಫೈಲಾದರೆ ಅದು ಅಸಾಧ್ಯ.

ಯಾರ ದೇಹದ ಅಳತೆ?

ಪದರಗಳಲ್ಲಿ ಎಷ್ಟು ಸೈಜುಗಳಿವೆ, ಅವು ಯಾರ ದೇಹದಿಂದ ಬಂದವು ಎಂಬ ಪ್ರಶ್ನೆ ಇನ್ನೂ ಆಳದ್ದು. ಅಮೆರಿಕದ ಕೃಷಿ ಇಲಾಖೆ 1939-40ರಲ್ಲಿ ಸುಮಾರು 15,000 ಮಹಿಳೆಯರನ್ನು ಅಳೆಸಿ 1941ರಲ್ಲಿ ವರದಿ ಪ್ರಕಟಿಸಿತು. ಸಿದ್ಧ ಉಡುಪು ಮತ್ತು ಪ್ಯಾಟರ್ನುಗಳಿಗೆ ವೈಜ್ಞಾನಿಕ ಬುನಾದಿ ಹಾಕುವುದು ಅದರ ಗುರಿ. ಆ ಲೆಕ್ಕದಲ್ಲಿ ಬಿಳಿಯ ಮಹಿಳೆಯರ ಅಳತೆಗಳನ್ನು ಮಾತ್ರ ಪರಿಗಣಿಸಲಾಯಿತು. ಅದೇ ದತ್ತಾಂಶದ ನೆರಳಿನಲ್ಲಿ 1958ರಲ್ಲಿ ಹೊರಬಂದ ಸರ್ಕಾರಿ ಸೈಜು ಮಾನಕವನ್ನು 1983ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಮಾನಕ ಹೋದರೂ ಅದು ಕಲಿಸಿದ ಅಭ್ಯಾಸ ಹೋಗಲಿಲ್ಲ. ಅಂಗಡಿಯ ಕನ್ನಡಿಯ ಮುಂದೆ ನಿಂತ ಹೆಣ್ಣು ಬಟ್ಟೆ ತಪ್ಪಿದೆ ಎನ್ನುವ ಬದಲು ತನ್ನ ದೇಹವೇ ತಪ್ಪಿದೆ ಎಂದುಕೊಳ್ಳುವಂತೆ ಅದು ತರಬೇತು ಕೊಟ್ಟಿದೆ. ಭಾರತದಲ್ಲಿ ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000 ಜನರನ್ನು ತ್ರಿಆಯಾಮ ಸ್ಕ್ಯಾನರಿನಿಂದ ಅಳೆಯುವ ‘ಇಂಡಿಯಾಸೈಜ್’ ಯೋಜನೆಯನ್ನು ನಿಫ್ಟ್ ಕೈಗೆತ್ತಿಕೊಂಡದ್ದು ತೀರಾ ಈಚೆಗೆ.

ಊರಿನ ದರ್ಜಿ ಈ ಸಮಸ್ಯೆಯನ್ನು ಎಂದೋ ಬೇರೆ ಬಗೆಯಲ್ಲಿ ಪರಿಹರಿಸಿದ್ದ. ಅವನಿಗೆ ಸೈಜು ಎಂಬುದೇ ಇಲ್ಲ. ಎದೆಸುತ್ತಿನ ಹನ್ನೆರಡನೆಯ ಒಂದು ಭಾಗ ಕೊರಳಿನ ಅಗಲ, ನಾಲ್ಕನೆಯ ಒಂದು ಭಾಗಕ್ಕೆ ಇಷ್ಟು ಸೇರಿಸಿದರೆ ಮುಂಭಾಗ ಎಂಬಂಥ ಸೂತ್ರಗಳಿಂದ ಪ್ರತಿ ಗಿರಾಕಿಗೂ ಹೊಸ ಗೆರೆ ಎಳೆಯುತ್ತಾನೆ. ಜೊತೆಗೆ ಒಂದು ‘ಅಳತೆ ರವಿಕೆ’ ಕೇಳಿ ಪಡೆದು ಸೂತ್ರ ತಪ್ಪುವಲ್ಲಿ ತಿದ್ದಿಕೊಳ್ಳುತ್ತಾನೆ. ಮುಕ್ತ ತಂತ್ರಾಂಶ ಲೋಕದ ಫ್ರೀಸೂಯಿಂಗ್, ವ್ಯಾಲೆಂಟಿನಾ ಮುಂತಾದ ಯೋಜನೆಗಳು ಮಾಡುತ್ತಿರುವುದೂ ತತ್ತ್ವದಲ್ಲಿ ಇದನ್ನೇ. ಸೈಜಿನ ಬದಲು ವ್ಯಕ್ತಿಯ ಅಳತೆಗಳನ್ನು ಕೊಟ್ಟರೆ ಸೂತ್ರಗಳ ಮೂಲಕ ಗೆರೆ ತಾನೇ ಮೂಡುತ್ತದೆ. ಹುಬ್ಬಳ್ಳಿಯ ಗಲ್ಲಿಯ ದರ್ಜಿಯ ಪದ್ಧತಿಯನ್ನು ಹಿಂದುಳಿದದ್ದೆಂದು, ಯುರೋಪಿನ ಪ್ರೋಗ್ರಾಮರನ ಪದ್ಧತಿಯನ್ನು ಹೊಸದೆಂದು ಕರೆಯಲು ಕಾರಣವೇ ಇಲ್ಲ. ಎರಡನೆಯದು ದಾಖಲಾಗಿದೆ, ಮೊದಲನೆಯದು ದಾಖಲಾಗಿಲ್ಲ, ವ್ಯತ್ಯಾಸ ಇಷ್ಟೇ.

ಎರಡು ಆಕ್ಷೇಪಗಳು

ಮುಕ್ತ ಪ್ಯಾಟರ್ನುಗಳ ಮಾತೆತ್ತಿದೊಡನೆ ಎರಡು ಆಕ್ಷೇಪಗಳು ಏಳುತ್ತವೆ, ಎರಡೂ ನ್ಯಾಯವಾದವು. ಎಲ್ಲವೂ ಉಚಿತವಾದರೆ ಸಣ್ಣ ವಿನ್ಯಾಸಗಾರ್ತಿಯ ಹೊಟ್ಟೆಪಾಡೇನು ಎಂಬುದು ಮೊದಲನೆಯದು. ಕಾನೂನು ಇಲ್ಲಿ ಒಂದು ಒಳ್ಳೆಯ ಗಡಿಯನ್ನು ಹಾಕಿದೆ. ಚಿಯರ್‌ಲೀಡರ್ ಸಮವಸ್ತ್ರಗಳ ಕುರಿತ ಸ್ಟಾರ್ ಅಥ್ಲೆಟಿಕಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಬಟ್ಟೆಯ ಮೇಲಿನ ಚಿತ್ರವಿನ್ಯಾಸಕ್ಕೆ ಹಕ್ಕುಸ್ವಾಮ್ಯ ಸಿಗಬಹುದೆಂದಿತು. ಆದರೆ ಅದೇ ಆಕಾರ, ಅದೇ ಕತ್ತರಿಕೆ, ಅದೇ ಅಳತೆಯ ಸಮವಸ್ತ್ರವನ್ನು ಬೇರೆಯವರು ಹೊಲಿಯದಂತೆ ತಡೆಯುವ ಹಕ್ಕು ಅದರಿಂದ ಬರುವುದಿಲ್ಲವೆಂದು ಸ್ಪಷ್ಟಪಡಿಸಿತು. ಉಡುಪಿನ ಕಟ್ಟು ಎಲ್ಲರದು. ಅದನ್ನು ಹತ್ತು ಸೈಜಿಗೆ ಹಿಗ್ಗಿಸಿ, ಹೊಲಿದು ಪರೀಕ್ಷಿಸಿ, ಹಂತಹಂತವಾಗಿ ವಿವರಿಸಿದ ದುಡಿಮೆಗೆ ಬೆಲೆ ಕೊಡಬೇಕು. ವಿನ್ಯಾಸಗಾರ್ತಿಯ ಫೈಲನ್ನು ಕದ್ದು ಹಂಚುವುದು ಸಮಾಜವಾದವಲ್ಲ, ಇನ್ನೊಬ್ಬ ದುಡಿಯುವ ಹೆಣ್ಣಿನ ಕೂಲಿಯ ಕಳವು. ಅವಳ ಫೈಲಿಗೆ ಬೀಗವಿಲ್ಲದಿರಲಿ, ಪದರಗಳಿರಲಿ ಎಂದು ಕೊಳ್ಳುವವರು ಕೇಳುವುದು ಬೇರೆ, ಅವಳಿಗೆ ಹಣ ಕೊಡದಿರುವುದು ಬೇರೆ.

ಪ್ರೊಜೆಕ್ಟರು, ಪ್ಲಾಟರುಗಳೆಲ್ಲ ಉಳ್ಳವರ ಹವ್ಯಾಸ, ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದರಿಂದೇನು ಎಂಬುದು ಎರಡನೆಯದು. ಮನೆಯಲ್ಲಿ ನಾಲ್ಕು ಕುರ್ತಾ ಹೊಲಿದುಕೊಂಡ ಮಾತ್ರಕ್ಕೆ ಜಾಗತಿಕ ಉಡುಪು ಉದ್ಯಮದ ಶೋಷಣೆ ಕರಗುವುದಿಲ್ಲವೆಂಬುದು ನಿಜ. ಕೂಲಿ, ಸಂಘಟನೆ, ಕಾನೂನುಗಳ ಹೋರಾಟಕ್ಕೆ ಪ್ಯಾಟರ್ನ್ ಬದಲಿಯಲ್ಲ. ಆದರೆ ದೊಡ್ಡ ಹಾಳೆಯ ಮುದ್ರಣ ಕರ್ನಾಟಕದಲ್ಲಿ ಶ್ರೀಮಂತರ ಸೊತ್ತಲ್ಲ. ರಾಜಕಾರಣಿಗಳ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಮುದ್ರಿಸುವ ಯಂತ್ರ ತಾಲ್ಲೂಕು ಕೇಂದ್ರಗಳಲ್ಲೂ ಇದೆ. ಮನೆ ಕಟ್ಟುವವರ ನಕ್ಷೆಯನ್ನು ಕಾಗದಕ್ಕೆ ಇಳಿಸುವ ಪ್ಲಾಟರ್ ಅಂಗಡಿಗಳೂ ಇವೆ. ಸ್ಮಾರ್ಟ್ ತರಗತಿಗಳಿರುವ ಶಾಲೆಗಳಲ್ಲಿ ಪ್ರೊಜೆಕ್ಟರ್ ಇದೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿವೆ, ಸಂಜೀವಿನಿ ಸ್ವಸಹಾಯ ಸಂಘಗಳಿವೆ. ಯಂತ್ರವೂ ಇದೆ, ಕೈಯೂ ಇದೆ. ಇಲ್ಲದಿರುವುದು ಅವುಗಳ ನಡುವೆ ಇಡಬೇಕಾದ ಫೈಲು.

ಅನಿವಾಸಿಗಳು ಮಾಡಬಹುದಾದದ್ದು

ಪ್ರಗತಿಪರ ಅನಿವಾಸಿ ಕನ್ನಡಿಗರ ಪಾತ್ರ ಇಲ್ಲಿಂದ ಶುರುವಾಗುತ್ತದೆ. ಕನ್ನಡದ ಡಿಜಿಟಲ್ ಕೆಲಸವೆಂದರೆ ಫಾಂಟು, ನಿಘಂಟು, ವಿಕಿಪೀಡಿಯ ಎಂಬಷ್ಟಕ್ಕೆ ಕಲ್ಪನೆ ನಿಲ್ಲಬೇಕಿಲ್ಲ. ತಂತ್ರಾಂಶ ಬಲ್ಲವರು, ವಿನ್ಯಾಸ ಬಲ್ಲವರು, ಹೊಲಿಗೆ ಬಲ್ಲವರು ಮೂವರೂ ಈ ಸಮುದಾಯದೊಳಗಿದ್ದಾರೆ. ಊರಿನ ಹೊಲಿಗೆ ಬಲ್ಲ ಹೆಂಗಸರ ಮತ್ತು ಕಟಿಂಗ್ ಮಾಸ್ಟರುಗಳ ಜೊತೆ ಕೂತು, ಅವರ ಸೂತ್ರಗಳನ್ನು ಅವರ ಹೆಸರಿನಲ್ಲೇ ದಾಖಲಿಸಿ, ಆ ದುಡಿಮೆಗೆ ಸಂಭಾವನೆ ಕೊಟ್ಟು, ಕನ್ನಡದಲ್ಲಿ ಒಂದು ಮುಕ್ತ ಪ್ಯಾಟರ್ನ್ ಭಂಡಾರ ಕಟ್ಟುವುದು ಅಸಾಧ್ಯದ ಕನಸಲ್ಲ. ಮೊದಲಿಗೆ ಐದು ಉಡುಪುಗಳು ಸಾಕು. ಸಾದಾ ರವಿಕೆ, ಕಟೋರಿ ರವಿಕೆ, ಲಂಗ, ಚೂಡಿದಾರ, ಮಕ್ಕಳ ಜುಬ್ಬ.

ಆ ಫೈಲುಗಳು ಹೇಗಿರಬೇಕೆಂಬುದು ಇಲ್ಲಿಯವರೆಗಿನ ಚರ್ಚೆಯಿಂದಲೇ ಹೊರಡುತ್ತದೆ. ಒಂದೇ ಉಡುಪಿಗೆ ಎ4, ಎ0 ಮತ್ತು ಪ್ರೊಜೆಕ್ಟರ್ ಎಂಬ ಮೂರು ರೂಪಗಳಿರಲಿ. ಅಳತೆಗಳು ಊರಿನ ಟೇಪಿನಂತೆ ಇಂಚಿನಲ್ಲೂ ಜರ್ಮನಿಯ ಟೇಪಿನಂತೆ ಸೆಂಟಿಮೀಟರಿನಲ್ಲೂ ಇರಲಿ. ಸೈಜುಗಳು ಪದರಗಳಲ್ಲಿರಲಿ, ದಪ್ಪ ದೇಹ, ಗೂನು ಬೆನ್ನು, ಒಂದು ಸ್ತನ ಕಳೆದುಕೊಂಡ ಎದೆ ಇವುಗಳಿಗೆ ಗೆರೆ ಹೇಗೆ ತಿದ್ದಬೇಕೆಂಬ ಸೂಚನೆಯೂ ಇರಲಿ. ಹಾಸು, ಹೊಕ್ಕು, ಕಂಕುಳು, ಬಗಲು, ಅಂಚು ಎಂಬ ಬಳಕೆಯ ಮಾತುಗಳು ಗೆರೆಗಳ ಮೇಲೆ ದೊಡ್ಡ ಅಕ್ಷರಗಳಲ್ಲಿರಲಿ. ಡಾರ್ಟು, ಪೈಪಿಂಗು, ಹುಕ್ಕುಗಳು ಈಗಾಗಲೇ ಕನ್ನಡವಾಗಿವೆ, ಅವುಗಳಿಗೆ ಸಂಸ್ಕೃತದ ಹೊಸ ಪದ ಕಟ್ಟಿ ಹೊಲಿಯುವವರನ್ನು ದೂರ ಅಟ್ಟುವುದು ಬೇಡ. ಫೈಲಿಗೆ ಬೀಗ ಬೇಡ. ತಿದ್ದಿದವರು ತಿದ್ದಿದ್ದನ್ನು ಮರಳಿ ಹಂಚಬೇಕೆಂಬ ಒಂದೇ ಷರತ್ತು ಸಾಕು.

ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಹೆಸರಿದೆ. ಕಾಯಕವನ್ನು ಹೆಸರಿನ ಮುಂದೆಯೇ ಇಟ್ಟುಕೊಂಡ ಆ ಪರಂಪರೆಯನ್ನು ಸಮಾರಂಭಗಳಲ್ಲಿ ನೆನೆಯುವವರಿಗೆ ಕೊರತೆಯಿಲ್ಲ. ಆ ಕಾಯಕದ ವಿದ್ಯೆಯನ್ನು ಇಂದಿನ ರೂಪದಲ್ಲಿ ಎಲ್ಲರಿಗೂ ತಲುಪಿಸುವ ದುಡಿಮೆಗೆ ಮಾತ್ರ ಜನ ಬೇಕಾಗಿದ್ದಾರೆ. ಪೀಣ್ಯದ ಕಾರ್ಖಾನೆಯಿಂದ ಹೊರಬಿದ್ದ ಹೆಂಗಸೊಬ್ಬಳು ತಾಲ್ಲೂಕಿನ ನಕ್ಷೆ ಅಂಗಡಿಯಲ್ಲಿ ರವಿಕೆಯ ಒಂದು ಹಾಳೆಯನ್ನು ಮುದ್ರಿಸಿಕೊಂಡು, ಮೂಲೆಯ ಪರೀಕ್ಷಾ ಚೌಕದ ಮೇಲೆ ತನ್ನ ಟೇಪನ್ನಿಟ್ಟು, ನಾಲ್ಕು ಇಂಚು ನಾಲ್ಕೇ ಇಂಚು ಇದೆಯೆಂದು ತಾನೇ ಖಾತ್ರಿ ಮಾಡಿಕೊಂಡು ಕತ್ತರಿ ಎತ್ತುವಂತಾಗಬೇಕು. ಅಲ್ಲಿಯವರೆಗೆ ಆ ಗೆರೆ ಕೋಣೆಯಲ್ಲೇ ಇದೆ ಎಂದು ತಿಳಿಯಬೇಕು.